ಎರಡು ಸಲ ತುಂಬಿದ ಉಡಿ

ಶಕ್ತಿನಗರದ ಚಿಮಣಿಯನ್ನು ನೋಡಲೆಂದೇ ಜನ ರಾಯಚೂರಿನಿಂದ ಬಸ್ಸು ಹತ್ತಿ ಹೋಗುತ್ತಿದ್ದ ವರ್ಷಗಳವು. ಸ್ಟೇಷನ್ನಿನ ಮುಂದೆ ಟಾಂಗಾಗಳು ಇನ್ನೂ ನಿಲ್ಲುತ್ತಿದ್ದವು. ಟೀವಿ ಇರುವ ಮನೆ ಯಾವುದೆಂದು ಇಡೀ ಓಣಿಗೆ ಗೊತ್ತಿರುತ್ತಿತ್ತು. ಹೊತ್ತು ಕಳೆಯಲು ಊರಿನಲ್ಲಿ ಟಾಕೀಸು, ಉರುಸು ಬಿಟ್ಟರೆ ಇದ್ದದ್ದು ಕ್ಲಬ್ಬುಗಳು. ಬಡಾವಣೆಗೊಂದು ಕ್ಲಬ್ಬು. ಗಂಡಸರ ಕ್ಲಬ್ಬಿನಲ್ಲಿ ಕೇರಂ, ಇಸ್ಪೀಟು. ಹೆಂಗಸರ ಕ್ಲಬ್ಬಿನಲ್ಲಿ ಹಾಡು, ರಂಗೋಲಿ, ಮತ್ತೆ ನಾವು.

ನಾವು ಎಂದರೆ ಸರಕಾರಿ ಹಾಸ್ಟೆಲಿನ ಹುಡುಗಿಯರು. ಹತ್ತಿರದ ಬಡಾವಣೆಯ ಅಧಿಕಾರಿಗಳ, ವಕೀಲರ, ಅಂಗಡಿಕಾರರ ಹೆಂಡಂದಿರು ಸೇರಿ ಕಟ್ಟಿಕೊಂಡಿದ್ದ ಕ್ಲಬ್ಬು ನಮ್ಮ ಹಾಸ್ಟೆಲನ್ನು ನೋಡಿಕೊಳ್ಳುವುದೆಂದು ಅದು ಹೇಗೋ ತೀರ್ಮಾನವಾಗಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಆರೇಳು ಮಂದಿ ಬರುತ್ತಿದ್ದರು. ಅವರು ಗೇಟು ದಾಟಿದ ಕೂಡಲೇ ಫಿನಾಯಿಲ್ ವಾಸನೆಯ ನಮ್ಮ ಪಡಸಾಲೆಗೆ ಸ್ನೋ, ಪೌಡರು, ಮಲ್ಲಿಗೆಯ ವಾಸನೆ ಬರುತ್ತಿತ್ತು. ಒಬ್ಬರು ಹಾರ್ಮೋನಿಯಂ ಬಾರಿಸಿ ದೇಶಭಕ್ತಿಯ ಹಾಡು ಕಲಿಸುತ್ತಿದ್ದರು, ಒಬ್ಬರು ಕಸೂತಿ ಕಲಿಸುತ್ತಿದ್ದರು, ಇನ್ನೊಬ್ಬರು ನಮ್ಮ ಉಗುರು ನೋಡಿ ಬೈಯುತ್ತಿದ್ದರು. ಬೈಸಿಕೊಳ್ಳುವುದಕ್ಕೂ ನಾವು ಸಾಲು ಹಚ್ಚುತ್ತಿದ್ದೆವು. ವಾರದಲ್ಲಿ ಯಾರಾದರೂ ನಮ್ಮ ಕೈ ಹಿಡಿಯುತ್ತಿದ್ದದ್ದು ಆಗ ಮಾತ್ರ.

ನಾನು ಆಗಷ್ಟೇ ಐದನೆಯ ತರಗತಿಗೆ ಬಂದು ಸೇರಿದ್ದೆ. ನಮ್ಮದು ದೇವದುರ್ಗದಿಂದ ಮೂರು ಹರದಾರಿ ಒಳಗೆ, ಕುರಿ ಕಾಯುವವರ ಇಪ್ಪತ್ತು ಮನೆಗಳ ಒಂದು ದೊಡ್ಡಿ. ಅಪ್ಪ ವರ್ಷದ ಬಹುಪಾಲು ಮಂದೆಯ ಹಿಂದೆಯೇ ಇರುತ್ತಿದ್ದ. ಸುಗ್ಗಿಯಾದ ಮೇಲೆ ಮಾನ್ವಿ, ಪೋತ್ನಾಳದ ಗದ್ದೆಗಳಲ್ಲಿ ಮಂದೆ ತರುಬುತ್ತಿದ್ದ, ರಾತ್ರಿಯೆಲ್ಲ ಕುರಿಗಳು ಅಲ್ಲೇ ನಿಲ್ಲುತ್ತಿದ್ದವು. ಹೊಲದವನಿಗೆ ಗೊಬ್ಬರ, ನಮಗೆ ಕಾಳು. ಮಳೆಗಾಲದಲ್ಲಿ ಹುಲ್ಲು ಇದ್ದ ಕಡೆಗೆ, ಒಮ್ಮೊಮ್ಮೆ ಹೊಳೆಯಾಚೆ ತೆಲುಗರ ಸೀಮೆಗೂ ಹೋಗಿಬಿಡುತ್ತಿದ್ದ. ದೊಡ್ಡಿಯ ಸಾಲಿ ಮಾಸ್ತರರು ಈ ಹುಡುಗಿಗೆ ಓದು ಹತ್ತುತ್ತದೆ, ಹಾಸ್ಟೆಲಿಗೆ ಹಾಕು ಎಂದದ್ದೇ ತಡ, ಅಪ್ಪ ಒಂದು ಟ್ರಂಕು, ಒಂದು ಕಂಬಳಿ ಕೊಡಿಸಿ ಕರೆತಂದು ಬಿಟ್ಟು ಹೋಗಿದ್ದ. ಅಪ್ಪನ ಮೇಲೆ ನನಗೆ ಸಿಟ್ಟಿತ್ತು. ಯಾರಿಗೂ ಹೇಳಲಾಗದ ಸಿಟ್ಟು ಅದು.

ಆ ಕಂಬಳಿಯೇ ನನಗೆ ಮುಳುವಾಯಿತು. ನಮ್ಮ ಕುರಿಗಳ ಉಣ್ಣೆಯಲ್ಲಿ ನೇಯ್ದದ್ದು. ಮಳೆಯ ತಂಪು ತಾಗಿದರೆ ಕುರಿಯ ವಾಸನೆ ಬಿಡುತ್ತಿತ್ತು. ನನಗೆ ಅದು ವಾಸನೆಯೆಂದೇ ಅನಿಸುತ್ತಿರಲಿಲ್ಲ, ಮನೆ ಅನಿಸುತ್ತಿತ್ತು. ಉಳಿದವರು ಮೂಗು ಮುಚ್ಚಿಕೊಂಡು ನಕ್ಕರು. ಮಲಗುವ ಕೋಣೆಯಲ್ಲಿ ಹಾಸಿಗೆಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ನನ್ನ ಹಾಸಿಗೆಯ ಎರಡೂ ಪಕ್ಕ ಒಂದೊಂದು ಮೊಳ ಜಾಗ ಖಾಲಿ ಇರುತ್ತಿತ್ತು. ಯಾರೂ ಹೊಡೆಯಲಿಲ್ಲ, ಜಗಳ ತೆಗೆಯಲಿಲ್ಲ. ಗಜಗ ಆಡುವಾಗ ನನ್ನ ಸರದಿ ಬರುವ ಹೊತ್ತಿಗೆ ಆಟ ಮುಗಿದಿರುತ್ತಿತ್ತು, ಅಷ್ಟೇ. ಒಂದೇ ತಿಂಗಳಲ್ಲಿ ನಾನು ಒಬ್ಬಳೇ ಆಡುವ ಆಟಗಳನ್ನೆಲ್ಲ ಕಲಿತೆ. ಒಂದು ಕೈಯಿಂದ ಗಜಗ ಹಾರಿಸಿ ಇನ್ನೊಂದು ಕೈಗೆ ಸೋಲುವುದು ಅವುಗಳಲ್ಲಿ ಒಂದು.

ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ಕ್ಲಬ್ಬಿನವರು ಆ ವರ್ಷದ ಪ್ರವಾಸದ ಸುದ್ದಿ ತಂದರು. ತುಂಗಭದ್ರೆಯ ದಂಡೆಯ ಚೀಕಲಪರ್ವಿಗೆ ಹೋಗುವುದು, ಹೊಳೆ ನೋಡುವುದು, ದಂಡೆಯ ಮೇಲೆ ಊಟ, ಹಾಡು, ಆಟ. ಅಧ್ಯಕ್ಷರಾಗಿದ್ದವರ ಗಂಡ ಶಕ್ತಿನಗರದಲ್ಲಿ ಇಂಜಿನಿಯರು. ಅವರ ಮೂಲಕ ಒಂದು ಬಸ್ಸು ಗೊತ್ತಾಗಿತ್ತು. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿತ್ತು. ಆ ದಿನ ಕ್ಲಬ್ಬಿನ ಒಬ್ಬೊಬ್ಬ ಹೆಂಗಸಿಗೆ ಒಬ್ಬೊಬ್ಬ ಹುಡುಗಿ ಮಗಳು. ಮುಂಜಾನೆಯಿಂದ ಸಂಜೆಯವರೆಗೆ ತಾಯಿ ಮಗಳಂತೆ ಇರುವುದು, ಪಕ್ಕದಲ್ಲಿ ಕೂರುವುದು, ಕೂಡಿ ಉಣ್ಣುವುದು. ಯಾರಿಗೆ ಯಾರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ನನ್ನ ಚೀಟಿ ಎತ್ತಿದವರು ವಿಮಲಾ ಅಕ್ಕಾರು.

ವಿಮಲಾ ಅಕ್ಕಾರು ಕಸೂತಿ ಕಲಿಸುತ್ತಿದ್ದವರು. ದುಂಡು ಮುಖ, ನಕ್ಕರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದವು, ಕೈತುಂಬ ಹಸಿರು ಬಳೆ. ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ನನ್ನ ತಲೆ ಬಿಚ್ಚಿ, ಎಣ್ಣೆ ಹಚ್ಚಿ, ಕಲ್ಲೂರು ಬರುವುದರೊಳಗೆ ಎರಡು ಜಡೆ ಹಾಕಿ ಕೆಂಪು ರಿಬ್ಬನ್ನು ಕಟ್ಟಿದರು. ಅವರಿಗೆ ಇಬ್ಬರು ಗಂಡುಮಕ್ಕಳಂತೆ. ಜಡೆ ಹಾಕಲು ಯಾರೂ ಇಲ್ಲ ಎಂದು ಪಕ್ಕದ ಸೀಟಿನವರಿಗೆ ಹೇಳುತ್ತಿದ್ದರು. ಮಾನ್ವಿ ದಾಟಿದ ಮೇಲೆ ರಸ್ತೆಯ ಬದಿಗೆ ಒಂದು ಕುರಿಮಂದೆ ಬಂತು. ನಮ್ಮದೇ ಇರಬಹುದೆಂದು ನಾನು ಕಿಟಕಿಯಿಂದ ಹೊರಗೆ ಬಾಗಿದೆ. ನಮ್ಮದಾಗಿರಲಿಲ್ಲ. ಬಿದ್ದೀಯೆಂದು ಅಕ್ಕಾರು ನನ್ನ ಸೊಂಟ ಹಿಡಿದುಕೊಂಡರು, ಚೀಕಲಪರ್ವಿ ಬರುವವರೆಗೂ ಬಿಡಲಿಲ್ಲ.

ಹೊಳೆಗೆ ಹೊಸ ನೀರು ಬಂದಿತ್ತು, ಕೆಂಪಗೆ. ಬಂಡೆಗಳ ಮೇಲೆ ಜಮಖಾನೆ ಹಾಸಿ ಬುತ್ತಿ ಬಿಚ್ಚಿದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಒಂದು ದೊಡ್ಡ ಬುಟ್ಟಿಯ ತುಂಬ ಮಂಡಕ್ಕಿಯ ಮಂಡಾಳ ಒಗ್ಗರಣೆ. ಹಾಸ್ಟೆಲಿನ ಗೋಧಿ ಉಪ್ಪಿಟ್ಟು ತಿಂದು ಜಡ್ಡುಗಟ್ಟಿದ್ದ ನಾಲಿಗೆಗೆ ಆ ಎಣ್ಣೆಗಾಯಿಯ ಖಾರ ತಾಗಿ ನನ್ನ ಕಣ್ಣಲ್ಲಿ ನೀರು ಬಂತು. ಅಕ್ಕಾರು ತಮ್ಮ ಸೆರಗಿನಿಂದ ನನ್ನ ಮೂಗು ಒರೆಸಿದರು. ಊಟವಾದ ಮೇಲೆ ಕುಂಟಾಟ, ಕುರ್ಚಿ ಆಟ. ಕುರ್ಚಿ ಇರಲಿಲ್ಲ, ಕಲ್ಲುಗಳೇ ಕುರ್ಚಿ. ಹಾಡಿನ ಸ್ಪರ್ಧೆಯಲ್ಲಿ ನಾನು ಎರಡನೆಯ ಸಾಲು ಮರೆತು ನಿಂತಾಗಲೂ ವಿಮಲಾ ಅಕ್ಕಾರು ಚಪ್ಪಾಳೆ ತಟ್ಟಿದರು. ಆ ದಿನ ನಾನು ಯಾರ ಪಕ್ಕದಲ್ಲೂ ಒಂದು ಮೊಳ ದೂರ ಕೂರಲಿಲ್ಲ.

ಹೊರಡುವ ಮುಂಚೆ ಕೊನೆಯ ಕಾರ್ಯಕ್ರಮ. ಹುಡುಗಿಯರಿಗೆ ಉಡಿ ತುಂಬುವುದು. ತಾಯಂದಿರು ಒಂದು ಸಾಲು, ಮಕ್ಕಳು ಒಂದು ಸಾಲು. ನಾವು ಲಂಗದ ಮುಂಭಾಗವನ್ನೇ ಎತ್ತಿ ಹಿಡಿದು ಉಡಿ ಮಾಡಿಕೊಂಡೆವು. ಅಕ್ಕಾರು ನನ್ನ ಹಣೆಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಬಸದ ಖಣ ಹಾಕಿದರು. ಅಷ್ಟರಲ್ಲಿ ಕ್ಲಬ್ಬಿನವರು ಕರೆತಂದಿದ್ದ ಫೋಟೋದವನು ರೀಲು ಸುತ್ತಲಿಲ್ಲವೆಂದು ಕೂಗಿಕೊಂಡ. ಎಲ್ಲರೂ ನಗುತ್ತ ತುಂಬಿದ ಉಡಿಯನ್ನು ಮೊರಕ್ಕೆ ಸುರಿಸಿಕೊಂಡು, ಫೋಟೋಕ್ಕಾಗಿ ಮತ್ತೊಮ್ಮೆ ತುಂಬಿದರು. ಎರಡನೆಯ ಸಲ ತುಂಬುವಾಗ ಅಕ್ಕಾರು ನನ್ನ ಗಲ್ಲ ಹಿಡಿದು ಹೇಳಿದರು.

"ಪಂಚಮಿಗೆ ನಮ್ಮನಿಗೇ ಬಂದುಬಿಡವ್ವಾ. ಹಿತ್ತಲದಾಗ ಜೋಕಾಲಿ ಕಟ್ಟತೀವಿ. ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಇಲ್ಲಿ ನಮ್ಮ ಮನೆಯ ಒಂದು ಮಾತು ಹೇಳಬೇಕು. ನಮ್ಮ ಅವ್ವನಿಗೆ ತವರಿರಲಿಲ್ಲ. ಸಣ್ಣವಳಿದ್ದಾಗಲೇ ತಂದೆ ತಾಯಿ ತೀರಿಕೊಂಡಿದ್ದರು. ಮದುವೆಯಾದ ಹೊಸತರಲ್ಲಿ ಅಪ್ಪ ಪೋತ್ನಾಳದ ಹತ್ತಿರ ಒಬ್ಬರ ಗದ್ದೆಯಲ್ಲಿ ಮಂದೆ ತರುಬಿದ್ದಾಗ, ಆ ಮನೆಯ ಮುದುಕಿ ಅವ್ವನನ್ನು ಕರೆದು ಉಡಿ ತುಂಬಿ ಕಳಿಸಿದ್ದಳು. ಆ ವರ್ಷ ಪಂಚಮಿಗೆ ಮುದುಕಿಯ ಮಗ ಬಂಡಿ ಹೂಡಿಕೊಂಡು ನಮ್ಮ ದೊಡ್ಡಿ ಹುಡುಕಿಕೊಂಡು ಬಂದ. ಆಮೇಲೆ ಅದು ತಪ್ಪಲೇ ಇಲ್ಲ. ಮುದುಕಿ ಸತ್ತ ಮೇಲೂ ಅವನೇ ಬರುತ್ತಿದ್ದ, ಅವ್ವ ಅವನಿಗೆ ಅಣ್ಣಾ ಎನ್ನುತ್ತಿದ್ದಳು. ಉಡಿ ತುಂಬಿದ ಮನೆ ತವರುಮನೆ, ಪಂಚಮಿಗೆ ಅವರು ಕರೆಯಲು ಬರಬೇಕು, ನಾವು ಹೋಗಬೇಕು. ನಾನು ಕಣ್ಣಾರೆ ಕಂಡು ಬೆಳೆದ ನ್ಯಾಯ ಇದು. ಮೂವತ್ತು ಹುಡುಗಿಯರಿಗೆ ಸಾಲಾಗಿ ಉಡಿ ತುಂಬಿ ಫೋಟೋ ತೆಗೆಸಿಕೊಂಡರೆ ಅದು ಬೇರೆ ಎಂದು ನನಗೆ ಯಾರು ಹೇಳಬೇಕಿತ್ತು? ನನ್ನ ಲೆಕ್ಕದಲ್ಲಿ ಎರಡು ಸಲ ತುಂಬಿದ್ದರಿಂದ ನಂಟು ಎರಡು ಪಟ್ಟು ಗಟ್ಟಿಯಾಗಿತ್ತು.

ಅಂದಿನಿಂದ ನನ್ನ ದಿನಗಳಿಗೆ ಒಂದು ದಿಕ್ಕು ಸಿಕ್ಕಿತು. ನಾಗರ ಅಮಾವಾಸ್ಯೆಗೆ ಎಷ್ಟು ದಿನ, ಅಲ್ಲಿಂದ ಪಂಚಮಿಗೆ ಎಷ್ಟು ದಿನ ಎಂದು ಗೋಡೆಯ ಮೇಲೆ ಗೀಟು ಎಳೆದೆ. ಕುಬಸದ ಖಣವನ್ನು ಟ್ರಂಕಿನ ತಳದಲ್ಲಿಟ್ಟು ದಿನಕ್ಕೊಮ್ಮೆ ತೆಗೆದು ಮೂಸುತ್ತಿದ್ದೆ. ಆಮೇಲಿನ ಶನಿವಾರಗಳಲ್ಲಿ ವಿಮಲಾ ಅಕ್ಕಾರು ಬರಲಿಲ್ಲ. ಅವರ ಬದಲು ಕಸೂತಿಗೆ ಬೇರೊಬ್ಬರು ಬಂದರು. ಹಬ್ಬದ ತಯಾರಿಯಲ್ಲಿರಬೇಕು, ಉಂಡಿ ಕಟ್ಟುತ್ತಿರಬೇಕು ಎಂದುಕೊಂಡೆ. ಒಬ್ಬಳೇ ಇರುವವಳಿಗೆ ಕಾರಣಗಳು ಬಹಳ ಬೇಗ ಹೊಳೆಯುತ್ತವೆ.

ಪಂಚಮಿಗೆ ಹಾಸ್ಟೆಲಿನಲ್ಲಿ ಮೂರು ದಿನದ ರಜೆ. ರಜೆಯ ಮೊದಲ ದಿನ, ನಮ್ಮ ಕಡೆ ರೊಟ್ಟಿ ಹಬ್ಬವೆನ್ನುವ ದಿನ, ಬೆಳಗಿನಿಂದಲೇ ಗೇಟಿನ ಮುಂದೆ ಅಣ್ಣಂದಿರು, ಕಾಕಂದಿರು ಬಂದು ನಿಂತರು. ಒಬ್ಬೊಬ್ಬಳೇ ಹುಡುಗಿ ಟ್ರಂಕಿಗೆ ಬೀಗ ಹಾಕಿ ಹೋಗುತ್ತಿದ್ದಳು. ನಾನು ಮುಖ ತೊಳೆದು, ಆ ಕೆಂಪು ರಿಬ್ಬನ್ನು ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಸುಮಾರು ಹತ್ತು ಗಂಟೆಗೆ ಗೇಟಿನಲ್ಲಿ ಅಪ್ಪ ನಿಂತಿದ್ದ.

ಅಪ್ಪ ಬರುತ್ತಾನೆಂದು ನಾನು ಅಂದುಕೊಂಡೇ ಇರಲಿಲ್ಲ. ಪಂಚಮಿಯ ಹೊತ್ತಿಗೆ ಅವನು ಯಾವತ್ತೂ ಊರಲ್ಲಿ ಇದ್ದವನಲ್ಲ. ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದು ದೇವದುರ್ಗದ ಗುಡ್ಡದಲ್ಲೇ ಹುಲ್ಲಾಗಿತ್ತು, ಮಂದೆ ದೊಡ್ಡಿಯ ಹತ್ತಿರವೇ ಇತ್ತು. ಕುರಿಗಳನ್ನು ಕಾಕನ ಕೈಗೆ ಒಪ್ಪಿಸಿ, ನಸುಕಿನಲ್ಲಿ ನಡೆದು ದೇವದುರ್ಗಕ್ಕೆ ಬಂದು ಮೊದಲ ಬಸ್ಸು ಹಿಡಿದು ಬಂದಿದ್ದ. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು, ಕೈಯಲ್ಲಿ ಅವ್ವ ಕಟ್ಟಿ ಕೊಟ್ಟ ಗಂಟು. ನನ್ನನ್ನು ನೋಡಿ ಅವನ ಮುಖ ಅರಳಿತು. ಬೇವಿನ ಗಿಡಕ್ಕೆ ಹೊಸ ಹಗ್ಗ ಹಾಕಿದ್ದೇನೆ, ಮಧ್ಯಾಹ್ನದ ಬಸ್ಸಿಗೆ ಹೋದರೆ ಸಂಜೆಗೆ ಜೋಕಾಲಿ ಆಡಬಹುದು ಎಂದ.

ನಾನು ಬರುವುದಿಲ್ಲವೆಂದೆ. ವಿಮಲಾ ಅಕ್ಕಾರು ಕರೆಯಲು ಬರುತ್ತಾರೆ, ಅವರ ಮನೆಗೆ ಹೋಗುತ್ತೇನೆಂದೆ. ಬೇರೆ ಯಾವ ತಂದೆಯಾದರೂ ಎರಡು ಮಾತು ಬೈದು ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದನೇನೋ. ಅಪ್ಪ ಹಾಗೆಯೇ ಮೆಟ್ಟಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತ. ಅವನಿಗೆ ಇದು ಹುಡುಗಾಟದ ವಿಷಯವೇ ಅಲ್ಲ.

"ಉಡಿ ತುಂಬ್ಯಾರೇನು?" ಎಂದು ಕೇಳಿದ.

"ತುಂಬ್ಯಾರ. ಎರಡ ಸಲ ತುಂಬ್ಯಾರ."

"ಕರಿಯಾಕ ಬರ್ತೀನಿ ಅಂತ ಬಾಯಿಬಿಟ್ಟು ಹೇಳ್ಯಾರ?"

"ನಾನೇ ಬರ್ತೀನಿ ಅಂದಾರ, ಯಪ್ಪಾ."

ಅಪ್ಪ ಎದ್ದ. "ಹಂಗಾದ್ರ ನಾ ಕರ್ಕೊಂಡು ಹೋಗೂದು ತಪ್ಪಾಗ್ತದ. ಅಷ್ಟು ದೊಡ್ಡವರು ಕರಿಯಾಕ ಬಂದು ಬರೇ ಕೈಲೆ ತಿರುಗಿ ಹೋಗಬಾರದು" ಎಂದ. ಗಂಟನ್ನು ಬಿಚ್ಚಿ ನೋಡಿ ಮತ್ತೆ ಬಿಗಿಯಾಗಿ ಕಟ್ಟಿದ. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ಇವನ್ನೆಲ್ಲ ಆ ಮನೆಗೆ ಒಯ್ಯಿ, ತವರಿಗೆ ಖಾಲಿ ಕೈಯಲ್ಲಿ ಹೋಗಬಾರದು ಎಂದು ನನ್ನ ತೊಡೆಯ ಮೇಲಿಟ್ಟ. ವಾರ್ಡನ್ ಬಾಯಾರಿಗೂ ಕೈಮುಗಿದು ವಿಷಯ ತಿಳಿಸಿದ. ಅವರಿಗೆ ಕ್ಲಬ್ಬಿನವರೆಲ್ಲ ಪರಿಚಯ, ಹಾಗಾದರೆ ಒಳ್ಳೆಯದೇ ಆಯಿತೆಂದರು.

ಈಗ ನಾಚಿಕೆಪಡದೆ ನಿಜ ಹೇಳಿಬಿಡುತ್ತೇನೆ. ಅಪ್ಪ ಅಲ್ಲಿದ್ದಷ್ಟು ಹೊತ್ತೂ ನಾನು ರಸ್ತೆಯನ್ನೇ ನೋಡುತ್ತಿದ್ದೆ. ಅಕ್ಕಾರು ಈಗಲೇ ಬಂದುಬಿಟ್ಟರೆ ಈ ಕಂಬಳಿ, ಈ ರುಮಾಲು, ಈ ಕುರಿಯ ವಾಸನೆ ನೋಡುತ್ತಾರಲ್ಲ ಎಂದು ಹೆದರಿದ್ದೆ. ಅಪ್ಪ ಬೇಗ ಹೋಗಲಿ ಎನಿಸಿತ್ತು. ಅವನು ನನ್ನ ತಲೆಯ ಮೇಲೆ ಕೈಯಿಟ್ಟು, ರಿಬ್ಬನ್ನು ಕೆಡದಂತೆ ಹುಷಾರಾಗಿ ಕೈ ತೆಗೆದು, ಹೋಗಿ ಬರ್ತೀನವ್ವಾ ಎಂದ. ನಾನು ತಲೆಯಾಡಿಸಿದೆ. ಅವನು ತಿರುವಿನಲ್ಲಿ ಮರೆಯಾಗುವಾಗ ಹಿಂತಿರುಗಿ ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ, ಏಕೆಂದರೆ ನಾನು ಇನ್ನೊಂದು ಕಡೆಯಿಂದ ಬರುತ್ತಿದ್ದ ಟಾಂಗಾವನ್ನು ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಹಾಸ್ಟೆಲು ಖಾಲಿಯಾಯಿತು. ಕ್ಲಬ್ಬಿನವರು ಬಂದರೆ ಈ ಹುಡುಗಿಯನ್ನು ಕಳಿಸು ಎಂದು ಅಡಿಗೆಯ ಈರಮ್ಮನಿಗೆ ಹೇಳಿ ವಾರ್ಡನ್ ಬಾಯಾರೂ ತಮ್ಮ ಊರಿಗೆ ಹೋದರು. ಈರಮ್ಮ ಹಿಂದಿನ ಕೋಣೆಯಲ್ಲಿ ಇರುತ್ತಿದ್ದ ವಿಧವೆ, ಅವಳಿಗೂ ಕರೆಯಲು ಬರುವವರು ಯಾರೂ ಇರಲಿಲ್ಲ. ಊಟಕ್ಕೆ ಕರೆದಳು. ಅಕ್ಕಾರ ಮನೆಯಲ್ಲಿ ಹೋಳಿಗೆ ಉಣ್ಣುವುದಿದೆ, ಬೇಡವೆಂದೆ. ಎರಡು ಸಲ ಕರೆದು ಸುಮ್ಮನಾದಳು. ಒಂದೊಂದು ಟಾಂಗಾದ ಗಾಲಿ ಸಪ್ಪಳಕ್ಕೂ ಎದ್ದು ನಿಲ್ಲುತ್ತಿದ್ದೆ. ನಿಂತು ನಿಂತು ಲಂಗ ಮುದುಡೀತೆಂದು ಮತ್ತೆ ಸರಿಮಾಡಿಕೊಂಡು ಕೂರುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಈರಮ್ಮ ಬಂದು, ಇಂದು ರೊಟ್ಟಿ ಹಬ್ಬ, ಇಂದು ಯಾರು ಕರೆಯುತ್ತಾರೆ, ನಾಳೆ ಬರುತ್ತಾರೆ ಎಂದಳು. ಅವಳ ಮಾತು ನನಗೆ ಸರಿಯೆನಿಸಿತು.

ಮರುದಿನ ನಾಗಚೌತಿ. ಜಿಟಿಜಿಟಿ ಮಳೆ. ಹಾಸ್ಟೆಲಿನ ಗೋಡೆಯಾಚೆ ಹೊಸ ಸೀರೆಯ ಹೆಂಗಸರು ಹಾಲಿನ ತಂಬಿಗೆ ಹಿಡಿದು ಹುತ್ತಕ್ಕೆ ಹೋಗುತ್ತಿದ್ದರು. ಪಕ್ಕದ ಹಿತ್ತಲಿನಲ್ಲಿ ಜೋಕಾಲಿ ಜೀಕುವ ಹಗ್ಗದ ಕಿರ್ ಕಿರ್ ಸದ್ದು, ನಡುವೆ ಕೇಕೆ. ಸಣ್ಣ ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುತ್ತ ಓಡುತ್ತಿದ್ದರು. ನೀನೇ ಅವರ ಮನೆಗೆ ಹೋಗಬಾರದೇ ಎಂದು ಈರಮ್ಮ ಕೇಳಿದಳು. ಮನೆ ಎಲ್ಲಿದೆಯೆಂದು ಗೊತ್ತಿದ್ದರಲ್ಲವೇ? ಆ ಮನೆಗೊಂದು ಹಿತ್ತಲಿದೆ ಎಂಬುದೊಂದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಅಂದು ಸಂಜೆ ಈರಮ್ಮ ಕೊಟ್ಟ ಅನ್ನ ಸಾರು ಉಂಡೆ. ಅಪ್ಪ ಕೊಟ್ಟ ಗಂಟನ್ನು ಮಾತ್ರ ಮುಟ್ಟಲಿಲ್ಲ, ಅದು ಅವರ ಮನೆಯದು.

ಪಂಚಮಿಯ ದಿನ ನಾನು ಮೆಟ್ಟಿಲ ಮೇಲೆ ಕೂರಲಿಲ್ಲ, ಕಿಟಕಿಯಿಂದ ನೋಡಿದೆ. ಈರಮ್ಮನಿಗೆ ಏನನಿಸಿತೋ, ಬಾವಿಯ ಹಳೆಯ ಹಗ್ಗ ತಂದು ಅಂಗಳದ ಬೇವಿನ ಗಿಡಕ್ಕೆ ಕಟ್ಟಿ, ಗೋಣಿಚೀಲ ಮಡಿಸಿ ಹಾಕಿ, ಕೂರು ಎಂದಳು. ನಾಲ್ಕು ಸಲ ದೂಡಿದಳು. ಒಲೆಯ ಮೇಲೆ ಬೇಳೆ ಇಟ್ಟಿದ್ದು ನೆನಪಾಗಿ ಒಳಗೆ ಹೋದಳು. ಜೋಕಾಲಿ ಜೀಕಲು ಎದುರಿಗೆ ಇನ್ನೊಬ್ಬರು ನಿಲ್ಲಬೇಕು. ಒಬ್ಬರು ಬಗ್ಗಿದಾಗ ಒಬ್ಬರು ಏಳಬೇಕು. ಒಬ್ಬಳೇ ಕೂತರೆ ಅದು ಸ್ವಲ್ಪ ಹೊತ್ತು ಆಡಿ, ಆಮೇಲೆ ಸಣ್ಣದಾಗಿ, ನಿಂತುಬಿಡುತ್ತದೆ. ನಿಂತ ಜೋಕಾಲಿಯ ಮೇಲೆ ಕೂತು ನನಗೆ ಒಮ್ಮೆಲೇ ಗೊತ್ತಾಯಿತು. ಅವರು ಬರುವುದಿಲ್ಲ. ಒಳಗೆ ಹೋಗಿ ಗಂಟು ಬಿಚ್ಚಿದೆ. ಅವ್ವನ ಎಳ್ಳುಂಡಿ ಬಾಯಲ್ಲಿಟ್ಟುಕೊಂಡು ಜೋರಾಗಿ ಅತ್ತೆ. ಈರಮ್ಮ ಬಂದು ಪಕ್ಕದಲ್ಲಿ ಕೂತು, ತಾನೂ ಒಂದು ಉಂಡಿ ತೆಗೆದುಕೊಂಡು ತಿಂದಳು.

ಹುಡುಗಿಯರು ತಿರುಗಿ ಬಂದರು. ನಾನು ಅಕ್ಕಾರ ಮನೆಯ ಜೋಕಾಲಿಯ ಕತೆ ಹೇಳಿದೆ. ಅವರ ಗಂಡುಮಕ್ಕಳಿಬ್ಬರೂ ನನ್ನನ್ನು ದೂಡಿದರೆಂದು, ಹೋಳಿಗೆಗೆ ತುಪ್ಪ ಸುರಿದರೆಂದು. ಮೊದಲ ಸಲ ಅವರೆಲ್ಲ ನನ್ನ ಸುತ್ತ ಕೂತು ಕೇಳಿದರು. ಅದು ಉಳಿದದ್ದು ಆಗಸ್ಟ್ ಹದಿನೈದರವರೆಗೆ. ಅಂದು ಕ್ಲಬ್ಬಿನವರೆಲ್ಲ ಬಂದು ಧ್ವಜ ಏರಿಸಿದ ಮೇಲೆ ಸಾಲಿನಲ್ಲಿ ಬೂಂದಿ ಹಂಚಿದರು. ಹಂಚುತ್ತ ಬಂದವರು ವಿಮಲಾ ಅಕ್ಕಾರು. ನನ್ನ ಮುಂದೆ ನಿಂತು, ಗಲ್ಲ ಸವರಿ, ಕಣ್ಣು ಮುಚ್ಚಿ ನಕ್ಕರು.

"ಜಾಣಿ ಇದ್ದೀ. ನಿನ್ನ ಹೆಸರೇನವ್ವಾ?"

ನೀಲಮ್ಮ ಎಂದೆ. ಚಂದ ಹೆಸರು ಎಂದು ಮುಂದಿನವಳ ಕೈಗೆ ಬೂಂದಿ ಹಾಕಿದರು. ಅವರ ಮೇಲೆ ನನಗೆ ಇಂದು ಸಿಟ್ಟಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಪ್ರವಾಸದ ಖುಷಿಯಲ್ಲಿ ಬಾಯಿಗೆ ಬಂದ ಒಂದು ಒಳ್ಳೆಯ ಮಾತನ್ನು ಆಡಿದ್ದರು, ಹಾಗೆಯೇ ಮರೆತಿದ್ದರು. ಪೇಟೆಯಲ್ಲಿ ಬನ್ನಿ ಎಂದರೆ ಬರಲೇಬೇಕೆಂದಲ್ಲ ಎಂಬುದು ನನಗೆ ತಿಳಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. ಹುಡುಗಿಯರಿಗೆ ಅಂದೇ ತಿಳಿಯಿತು. ಆ ವರ್ಷವೆಲ್ಲ ನಾನು ಅವರ ಬಾಯಲ್ಲಿ ವಿಮಲಾ ಅಕ್ಕಾರ ಮಗಳಾದೆ, ಹಾಸಿಗೆಯ ಪಕ್ಕದ ಜಾಗ ಇನ್ನೊಂದು ಮೊಳ ಹೆಚ್ಚಿತು.

ದಸರೆಗೆ ಮನೆಗೆ ಹೋದಾಗ ಅವ್ವ, ಅಪ್ಪ ಇಬ್ಬರೂ ಕೂರಿಸಿಕೊಂಡು ಕೇಳಿದರು. ಮನೆ ಹೇಗಿತ್ತು, ಏನು ಮಾಡಿ ಹಾಕಿದರು, ಉಂಡಿ ಮೆಚ್ಚಿದರೇ. ನಾನು ಹುಡುಗಿಯರಿಗೆ ಹೇಳಿದ್ದ ಕತೆಯನ್ನೇ ಇನ್ನಷ್ಟು ಚಂದ ಮಾಡಿ ಹೇಳಿದೆ. ಅಪ್ಪನ ಮುಖ ನೋಡಿದ ಮೇಲೆ ಬೇರೆ ಹೇಳಲು ಬಾಯಿ ಬರಲಿಲ್ಲ. ಅವನು ಮಂದೆ ಒಯ್ದಲ್ಲೆಲ್ಲ, ಪೋತ್ನಾಳದ ಗದ್ದೆಯಿಂದ ಹೊಳೆಯಾಚೆಯ ಬಯಲಿನವರೆಗೆ, ನನ್ನ ಮಗಳಿಗೆ ರಾಯಚೂರಿನಲ್ಲಿ ಒಂದು ತವರುಮನೆ ಇದೆ ಎಂದು 
ಹೇಳಿಕೊಂಡು ತಿರುಗಿದ. ಮರುವರ್ಷ ಅಕ್ಕಾರ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತೆಂದು ಹೇಳಿ ಕತೆ ಮುಗಿಸಿದೆ. ಆದರೂ ಅಪ್ಪ ಕೇಳುವುದು ಬಿಡಲಿಲ್ಲ. ಕಾಗದ ಬರೆದರೇನು, ಚೆನ್ನಾಗಿದ್ದಾರೇನು ಎನ್ನುತ್ತಿದ್ದ. ಆಮೇಲಿನ ಪಂಚಮಿಗಳಿಗೆಲ್ಲ ಅಪ್ಪ ಮಂದೆಯ ಹಿಂದೆ ದೂರವೇ ಇದ್ದ. ಕಾಕ ಬರುತ್ತಿದ್ದ, ಒಮ್ಮೊಮ್ಮೆ ಯಾರೂ ಬರುತ್ತಿರಲಿಲ್ಲ. ನನ್ನ ಮದುವೆಯಾದ ಮೇಲೆ ಕರೆಯಲು ಬರುವುದು, ಅಷ್ಟರಲ್ಲಿ ದೊಡ್ಡವನಾಗಿದ್ದ ನನ್ನ ತಮ್ಮನ ಪಾಲಿಗೆ ಹೋಯಿತು.

ನಾನು ಓದಿ ಮಾಸ್ತರಿಕೆ ಹಿಡಿದು ರಾಯಚೂರಿನಲ್ಲೇ ಮನೆ ಮಾಡಿದೆ. ವಯಸ್ಸಾದ ಮೇಲೆ ಅಪ್ಪ ಕುರಿಗಳನ್ನು ಮಾರಿ, ಕಣ್ಣಿನ ಪೊರೆ ತೆಗೆಸಲು ನನ್ನ ಮನೆಗೆ ಬಂದು ಒಂದು ತಿಂಗಳು ಇದ್ದ. ಆ ತಿಂಗಳಲ್ಲೇ ಪಂಚಮಿ ಬಂತು. ಮಧ್ಯಾಹ್ನ ಊಟವಾದ ಮೇಲೆ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದವನ ಕೈಗೆ ಉಂಡಿ ಕೊಟ್ಟೆ. ನಿನಗೆ ಉಡಿ ತುಂಬಿದ ಅವ್ವಾರು ಈಗ ಯಾವ ಊರಲ್ಲಿದ್ದಾರೋ, ಇಂದು ನಿನ್ನ ನೆನೆಸುತ್ತಿರುತ್ತಾರೆ ಎಂದ. ನನಗೆ ಐವತ್ತರ ಹತ್ತಿರ. ಇನ್ನು ಸಾಕೆನಿಸಿತು. ಅವರು ಬರಲೇ ಇಲ್ಲ ಯಪ್ಪಾ ಎಂದೆ. ಎಲ್ಲ ಹೇಳಿದೆ, ಬೂಂದಿ ಹಂಚಿದ್ದನ್ನೂ ಹೇಳಿದೆ.

ಅವನ ಕೈಯಲ್ಲಿ ಉಂಡಿ ಹಾಗೇ ಇತ್ತು. "ಮೂರೂ ದಿನಾ ಒಬ್ಬಾಕಿನೇ ಇದ್ದೇನು?" ಎಂದ.

ಈರಮ್ಮ ಇದ್ದಳೆಂದೆ. ಉಂಡಿಯನ್ನು ಪಕ್ಕಕ್ಕಿಟ್ಟು ಗೋಡೆಗೆ ಒರಗಿದ. ನಿದ್ದೆ ಹತ್ತಿತೇನೋ ಎಂದುಕೊಂಡು ನಾನು ಏಳುವಷ್ಟರಲ್ಲಿ ಮಾತಾಡಿದ.

"ಅವತ್ತ ನಾ ಸಂಜೀತನಕ ಬಸ್ ಸ್ಟ್ಯಾಂಡಿನಾಗ ಕುಂತಿದ್ದೆ. ದೇವದುರ್ಗದ ಬಸ್ ಎರಡು ಬಿಟ್ಟೆ. ನಿನಗ ಮನಸು ತಿರುಗಿ ಓಡಿ ಬಂದ್ರ ನಾ ಅಲ್ಲಿ ಇರಬೇಕಲ್ಲ. ಹಾಸ್ಟೆಲಿಗೆ ಬಂದು ನೋಡೂಣು ಅನಿಸಿತ್ತು. ನೋಡಿದ್ರ ಅವ್ವಾರ ಮಾತಿನ ಮ್ಯಾಲ ನಂಬಿಕಿ ಇಲ್ಲದಂಗ ಆಗ್ತದಂತ ಬರಲಿಲ್ಲ. ನೀ ಬರಲಿಲ್ಲ. ಬರಲಿಲ್ಲಂದ್ರ ಅವರು ಬಂದು ಕರ್ಕೊಂಡು ಹೋದ್ರು ಅಂತ ತಿಳಕೊಂಡೆ. ಸಮಾಧಾನ ಆತು. ಕಡೀ ಬಸ್ಸಿಗೆ ಹೋದೆ."

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಆ ಹಾಸ್ಟೆಲಿನ ಜಾಗದಲ್ಲಿ ಈಗ ಅಂಗಡಿಗಳ ಸಾಲು, ಕ್ಲಬ್ಬಿನ ಹೆಸರು ಕೇಳಿದರೆ ಬಡಾವಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಚೀಕಲಪರ್ವಿಗೆ ಈಗ ನಮ್ಮ ಶಾಲೆಯ ಮಕ್ಕಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ, ಯಾರಿಗೂ ಯಾವ ಹಬ್ಬಕ್ಕೂ ಬಾ ಎನ್ನುವುದಿಲ್ಲ. ಆ ಹಾಸ್ಟೆಲಿನ ಜಾಗದಿಂದ ಹಳೆಯ ಬಸ್ ನಿಲ್ದಾಣಕ್ಕೆ ನಡೆದರೆ ಹತ್ತು ನಿಮಿಷ, ಹತ್ತು ವರ್ಷದ ಹುಡುಗಿ ಓಡಿದರೆ ಐದೇ ನಿಮಿಷ. ಅಪ್ಪ ನನ್ನನ್ನು ಕರೆಯಲು ಬಂದ ಪಂಚಮಿ ನನ್ನ ಬಾಳಿನಲ್ಲಿ ಅದೊಂದೇ. ಆ ದಿನ ಸಂಜೆಯವರೆಗೆ ಅವನು ನನ್ನ ದಾರಿ ನೋಡುತ್ತ ಅಲ್ಲಿ ಕೂತಿದ್ದ, ನಾನು ಇನ್ನೊಬ್ಬರ ದಾರಿ ನೋಡುತ್ತ ಇಲ್ಲಿ ಕೂತಿದ್ದೆ.